ಬಾಣಂತಿಗೆ ಗೊತ್ತಿಲ್ಲ

ಮಗಳಿಗೆ ನೀರೆರೆಯಲು ಬಚ್ಚಲಿಗೆ ಹೋಗುವ ಮೊದಲು ಮೂಕಮ್ಮ ಕೊಟ್ಟಿಗೆಯ ಮರೆಗೆ ಸರಿದು, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕುಂಕುಮದ ಭರಣಿ ತೆಗೆದಳು. ಕನ್ನಡಿಯಿಲ್ಲದೆ ಹಣೆಗೆ ಇಟ್ಟುಕೊಂಡು, ಕೈಗೆ ಹಸಿರು ಬಳೆ ಏರಿಸುವಷ್ಟರಲ್ಲಿ ಹಿಂದಿನಿಂದ ಮೈದುನ ಕೆರಿಯಪ್ಪ ಕೆಮ್ಮಿದ.

"ಅತ್ಗೆ, ಈ ನಾಟ್ಕ ಇನ್ನೆಷ್ಟು ದಿನ?"

"ಬಿಂದುಶ್ರೀ ಬಾಣಂತನ ಮುಗಿಯೋ ತನಕ."

"ಅಣ್ಣನ ಕಾರ್ಯ ಎಲ್ಲ ಮುಗೀತು. ನಿಮ್ ಬಳೆ ಒಡ್ದಿದ್ದನ್ನ ಊರೇ ನೋಡಿದೆ. ಈಗ ಹಿಂಗೆ ಕುಂಕುಮ ಇಟ್ಕಂಡು ಓಡಾಡಿದ್ರೆ ನಿಟ್ಟೂರಲ್ಲಿ ಜನ ನನ್ನ ಮುಖ ನೋಡಿ ನಗ್ತಾರೆ."

"ನಗೋರು ನಗ್ಲಿ. ಸುದ್ದಿ ಕೇಳಿ ಮಗಳ ಹಾಲು ಬತ್ತಿದ್ರೆ ನಿಟ್ಟೂರಿನೋರು ಬಂದು ಕೂಸಿಗೆ ಕುಡಿಸ್ತಾರಾ?"

ಹೆಸರಿಗಷ್ಟೇ ಮೂಕಮ್ಮ, ಬಾಯಲ್ಲಿ ಅವಳನ್ನು ಗೆದ್ದವರಿಲ್ಲ. ಆದರೆ ಗಂಡ ಮಾರಪ್ಪ ಎದೆನೋವೆಂದು ಘಟ್ಟದ ಕೆಳಗಿನ ಆಸ್ಪತ್ರೆಗೆ ಹೋಗಿ ಹೆಣವಾಗಿ ಬಂದ ಮೇಲೆ ಮಗಳೆದುರು ಆ ಬಾಯಿಗೂ ಬೀಗ ಬಿದ್ದಿತ್ತು. ಹಸಿ ಬಾಣಂತಿ ಇರುವ ಈ ಮನೆಗೆ ಹೆಣ ತರುವುದು ಬೇಡವೆಂದು ಹಿರಿಯರು ಅದನ್ನು ನೇರವಾಗಿ ನಿಟ್ಟೂರಿನ ಮೂಲಮನೆಗೆ ಒಯ್ದರು. ಮೂಕಮ್ಮ ಆಸ್ಪತ್ರೆಗೆಂದು ಸುಳ್ಳು ಹೇಳಿ ಹೋಗಿ ಗಂಡನನ್ನು ಮಣ್ಣು ಮಾಡಿ ಬಂದಳು. ಬಾಣಂತಿ ಕಣ್ಣು ದಣಿಸಬಾರದು ಎಂಬ ನೆಪ ಮಾಡಿ ಮಗಳ ಮೊಬೈಲನ್ನು ಅಳಿಯ ಉಮೇಶನ ಕೈಯಲ್ಲಿ ಕಳಿಸಿದ್ದೂ ಆಯಿತು. ಬಾಣಂತಿಗೆ ಗೊತ್ತಾಗುವವರೆಗೆ ಅವಳ ಕಣ್ಣೆದುರು ಅತ್ತಿಗೆ ಮೊದಲಿನ ಹಾಗೇ ಇರಲಿ ಎಂದು ಅಪ್ಪಣೆ ಕೊಟ್ಟವನೇ ಕೆರಿಯಪ್ಪ. ಈಗ ಊರಿನ ಮಾತು ಕೇಳಿ ಅವನೇ ಹಿಂದೆ ಸರಿಯುತ್ತಿದ್ದ.

"ಇವತ್ತು ನೀರು ಎರೆದಾದ ಮೇಲೆ ನೀವು ಹೇಳ್ತೀರೋ, ನಾನೇ ಹೇಳ್ಲೋ? ಜಗಲೀಲಿ ಕೂತಿರ್ತೀನಿ" ಎಂದು ಅವನು ಹೊರಟ. ಕೆಟ್ಟವನಲ್ಲ; ಅಣ್ಣನಿಗೆ ಹೆಗಲು ಕೊಟ್ಟು ಬಂದ ಮೇಲೆ ಅವನೂ ಸರಿಯಾಗಿ ಉಂಡಿರಲಿಲ್ಲ.

ಬಚ್ಚಲಲ್ಲಿ ಬಿಂದುಶ್ರೀ ಮಣೆಯ ಮೇಲೆ ಕೂತಿದ್ದಳು. ಮೂಕಮ್ಮ ನೆತ್ತಿಗೆ ಎಣ್ಣೆ ತಟ್ಟಿದಳು, ಬೆನ್ನು ತಿಕ್ಕಿದಳು, ಹಂಡೆಯ ಸುಡುನೀರನ್ನು ಚೊಂಬಿನಲ್ಲಿ ಮೊಗೆದು ಸೊಂಟಕ್ಕೆ ಬೀಸಿ ಬೀಸಿ ಎರೆದಳು. ಒಳಗೆ ಕೂಸು ಕಿರುಚತೊಡಗಿತು. ಅದಕ್ಕೆ ಹಾಲು ಸಾಲುತ್ತಿರಲಿಲ್ಲ. ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ಎಷ್ಟು ತಿನ್ನಿಸಿದರೂ ಮಗಳ ಎದೆ ದಿನದಿನಕ್ಕೆ ಬತ್ತುತ್ತಿತ್ತು. ಏನೂ ಗೊತ್ತಿಲ್ಲದಾಗಲೇ ಹೀಗಾದರೆ, ಗೊತ್ತಾದ ಮೇಲೆ ಗತಿಯೇನು? ಈಚೆಗೆ ಅವಳು ಅಪ್ಪನ ಸುದ್ದಿ ಕೇಳುವುದನ್ನೇ ಬಿಟ್ಟಿದ್ದಳು. ಅದೊಂದು ಪುಣ್ಯವೆಂದು ಮೂಕಮ್ಮ ಅಂದುಕೊಂಡಿದ್ದಳು. ತನಗೆ ಅಳು ಬಂದಾಗ ಅವಳು ಬಚ್ಚಲ ಒಲೆ ಊದುತ್ತಿದ್ದಳು. ಹೊಗೆಗೆ ಕಣ್ಣಲ್ಲಿ ನೀರು ಬಂದರೆ ಯಾರೂ ಯಾಕೆಂದು ಕೇಳುವುದಿಲ್ಲವಲ್ಲ.

ಇನ್ನು ತಡ ಮಾಡಿದರೆ ಮೈದುನನೇ ಹೇಳಿಬಿಡುತ್ತಾನೆ. ಮೂಕಮ್ಮ ಚೊಂಬು ಕೆಳಗಿಟ್ಟಳು.

"ಮಗಾ, ನಿಂಗೊಂದು ಮಾತು ಹೇಳ್ಬೇಕು."

"ಹೇಳ್ಬೇಡ ಅಮ್ಮ."

"ಅಪ್ಪಯ್ಯಂದು..."

"ಗೊತ್ತು. ಅವತ್ತೇ ಗೊತ್ತಾಯ್ತು." ಬಿಂದುಶ್ರೀ ತಿರುಗಲಿಲ್ಲ. "ಕಿವೀಗೆ ಹತ್ತಿ ಇಟ್ರೆ ಗಾಳಿ ನಿಲ್ಲುತ್ತೆ, ಜಗಲೀಲಿ ಆಡಿದ ಮಾತು ನಿಲ್ಲುತ್ತಾ? ಬಾಣಂತಿಗೆ ಗೊತ್ತಾಗೋ ತನಕ ಅತ್ಗೆ ಕುಂಕುಮ ಇಟ್ಕಳ್ಳಲಿ ಅಂದ ಚಿಕ್ಕಪ್ಪ. ಅದ್ಕೇ ನಂಗೆ ಗೊತ್ತಾಗ್ಲೇ ಇಲ್ಲ."

ಮೂಕಮ್ಮ ಒಲೆಯ ಪಕ್ಕದಲ್ಲೇ ಕೂತುಬಿಟ್ಟಳು. ಹಾಲು ಬತ್ತಿದ್ದು ಯಾಕೆಂದು ಈಗ ಅರ್ಥವಾಯಿತು. ಹೆತ್ತು ಹಣ್ಣಾದ ಈ ಹುಡುಗಿ ಅಪ್ಪನಿಗಾಗಿ ಒಂದು ಸಲ ಬಾಯಿಬಿಟ್ಟು ಅಳದೆ, ಕೂಸನ್ನು ಎದೆಗಿಟ್ಟುಕೊಂಡು ಎಲ್ಲವನ್ನೂ ನುಂಗಿದ್ದಳು. ತಾನು ಮಗಳನ್ನು ಕಾಯುತ್ತಿದ್ದೇನೆಂದು ಮೂಕಮ್ಮ ತಿಳಿದಿದ್ದಳು, ಅಷ್ಟೇ. ತಾಯಿ ಮಗಳು ಒಬ್ಬರನ್ನೊಬ್ಬರು ತಬ್ಬಿಕೊಂಡು, ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತರು. ಹೊರಗೆ ಕೇಳಬಾರದಲ್ಲ.

"ಅತ್ಗೇ, ಹೇಳಾಯ್ತಾ?" ಜಗಲಿಯಿಂದ ಕೆರಿಯಪ್ಪ ಕೂಗಿದ.

ಮೂಕಮ್ಮ ಕಣ್ಣೊರೆಸಿಕೊಂಡು ಏಳಲು ಹೋದಳು. ಹಬೆಗೂ ಬೆವರಿಗೂ ಅವಳ ಹಣೆಯ ಕುಂಕುಮ ಕರಗಿ ಮೂಗಿನವರೆಗೆ ಇಳಿದಿತ್ತು. ಬಿಂದುಶ್ರೀ ಅದನ್ನು ಅಂಗೈಯಿಂದ ಒರೆಸಿದಳು. ತಾಯಿಯ ಸೊಂಟದ ಭರಣಿ ತೆಗೆದು, ಒದ್ದೆ ಬೆರಳಿನಲ್ಲಿ ಮತ್ತೆ ಅಗಲವಾಗಿ ಇಟ್ಟಳು. ಆಮೇಲೆ ಗಂಟಲು ಸರಿಮಾಡಿಕೊಂಡು, ಜಗಲಿಗೆ ಕೇಳುವಂತೆ ಗಟ್ಟಿಯಾಗಿ ಕೂಗಿದಳು.

"ಚಿಕ್ಕಪ್ಪಾ, ಬಂದ್ಯಾ? ಅಪ್ಪಯ್ಯ ಹ್ಯಾಂಗಿದಾನೆ? ಕೂಸಿಗೆ ಹೆಸರಿಡೋ ಹೊತ್ತಿಗಾದ್ರೂ ಮನೆಗೆ ಬಿಡ್ತಾರಂತಾ?"

ಜಗಲಿಯಿಂದ ಕೆರಿಯಪ್ಪನ ಒಡೆದ ದನಿ ಬಂತು.

"ಹೂಂ ಮಗಾ... ಈಗ ಸುಮಾರು."