ನೋಡದೆ ಬಿಟ್ಟ ಕೊನೆಯ ಕಂತು

ಕಾಫಿ ಬೀಜ ಹುರಿಯುವ ವಾಸನೆ ಬಂದರೆ, ನಾನು ಇವತ್ತಿಗೂ ನೋಡದ ಒಂದು ಕೊನೆಯ ಕಂತು ನೆನಪಾಗುತ್ತದೆ.

ಬಾಳೆಲೆ ಊರಿನ ನಮ್ಮ ಮನೆಯ ಜಗಲಿಯಲ್ಲಿ ಅವತ್ತು ಅಜ್ಜಿ ಹುರಿಯುವ ಮೊದಲು ಮೊರದಿಂದ ಕೆಟ್ಟು ಕಪ್ಪಾದ ಕರಿ ಬೀಜ, ಹುಳುಕು ಬೀಜ ಆರಿಸಿ ತಗಡಿನ ಡಬ್ಬಿಗೆ ಎಸೆಯುತ್ತಿದ್ದರು. ದೊಡ್ಡಪ್ಪನ ಮಗ ರವಿಯಣ್ಣ ಪೆನ್‌ಡ್ರೈವಿನಲ್ಲಿ ತಂದಿದ್ದ ಜಪಾನಿನ ಅನಿಮೆ ಸರಣಿಯನ್ನು ನಾವಿಬ್ಬರೂ ಒಂದು ವಾರದಿಂದ ನೋಡುತ್ತಿದ್ದೆವು. ಒಂದೇ ಕಂತು ಉಳಿದಿತ್ತು.

"ಹೇಗುಂಟು?" ಎಂದ ರವಿಯಣ್ಣ.

"ಮಳೆ ಬಿಡಿಸಿರೋದು ನೋಡಿದ್ರೆ ನಮ್ಗೇ ಚಳಿಯಾಗುತ್ತೆ. ಕೇಡಿಗನಿಗೂ ಮನೇಲಿ ಕಾಯೋ ಅಮ್ಮ ಇದ್ದಾಳೆ, ಅದು ಇಷ್ಟ. ಆದ್ರೆ ಒಂದು ಹೊಡೆತಕ್ಕೆ ಮೂರು ಕಂತು ಎಳೀತಾರೆ. ಕತೇಲಿರೋ ಆ ಹುಡುಗಿಗೆ ಕತ್ತಿ ಹಿಡಿಯೋದು ಕಲಿಸಿ, ಯುದ್ಧ ಬಂದಾಗ ಅಳೋಕೆ ಕೂರಿಸಿದ್ದಾರೆ."

ಅವನ ಮುಖ ಕೆಂಪಾಯಿತು. "ತಪ್ಪೇ ಇಲ್ಲ ಅಂತ ಹೇಳು. ಇಲ್ಲದಿದ್ರೆ ಕೊನೇದು ತೋರಿಸಲ್ಲ."

"ಹೇಳಲ್ಲ."

"ಹಾಗಾದ್ರೆ ನಿಂಗೆ ಅದು ಇಷ್ಟವೇ ಇಲ್ಲ."

ಅಜ್ಜಿ ತಲೆ ಎತ್ತಲಿಲ್ಲ. "ನಾನೂ ಬೆಳಗ್ಗೆಯಿಂದ ಆರಿಸಿ ಎಸೀತಾ ಇದ್ದೀನಲ್ಲೋ. ಎಂತ, ನಂಗೆ ಕಾಫಿ ಇಷ್ಟ ಇಲ್ವಾ?"

ರವಿಯಣ್ಣ ಲ್ಯಾಪ್‌ಟಾಪಿನಿಂದ ಪೆನ್‌ಡ್ರೈವ್ ಕಿತ್ತು ಜೇಬಿಗಿಳಿಸಿ, ಅಂಗಳಕ್ಕೆ ಇಳಿದ. ನಾನು ಅಳಲು ಕೂರಲಿಲ್ಲ. ಮೊರವನ್ನು ನನ್ನ ಕಡೆಗೆ ಎಳೆದುಕೊಂಡು, ಅವನು ಗೇಟು ದಾಟುವವರೆಗೂ ಒಂದೊಂದೇ ಕರಿ ಬೀಜವನ್ನು ಅವನಿಗೆ ಕೇಳುವಂತೆ ಡಬ್ಬಿಗೆ ಬೀಸಿ ಎಸೆದೆ.