ತೊಳೆದಿಟ್ಟ ಬಾಟಲಿ

ಮಗುವಿಗೆ ನಾಲ್ಕು ತಿಂಗಳಾದಾಗ ವಾರಿಜಾ ಕಚೇರಿಗೆ ಮರಳಿದಳು. ದಿನಾ ಮಧ್ಯಾಹ್ನ ಕಡತಗಳ ಕೋಣೆಯ ಚಿಲಕ ಹಾಕಿಕೊಂಡು ಹಾಲು ಹಿಂಡಿ ತೆಗೆದು, ಮರುದಿನಕ್ಕೆಂದು ಮನೆಯ ಫ್ರಿಜ್ಜಿನಲ್ಲಿಡುತ್ತಿದ್ದಳು. ಮಗುವನ್ನು ನೋಡಿಕೊಳ್ಳುವ ಹುಲಿಗೆಮ್ಮ ಸಂಜೆಯ ಹೊತ್ತಿಗೆ ಬಾಟಲಿ ತೊಳೆದು ಬೋರಲು ಹಾಕಿರುತ್ತಿದ್ದಳು. ಮಗು ಮೈ ತುಂಬಿಕೊಂಡಿತ್ತು. ಆದರೆ ತಾಯಿ ಎದೆಗವಚಿಕೊಂಡರೆ ಮುಖ ತಿರುಗಿಸುತ್ತಿತ್ತು.

ಒಂದು ದಿನ ಜ್ವರ ಬಂದು ವಾರಿಜಾ ಮಧ್ಯಾಹ್ನವೇ ಮನೆಗೆ ಬಂದಳು. ಹಿತ್ತಲ ಕಟ್ಟೆಯ ಮೇಲೆ ಕೂತು ಹುಲಿಗೆಮ್ಮ ಮಗುವಿಗೆ ತನ್ನ ಮೊಲೆಯೂಡಿಸುತ್ತಿದ್ದಳು.

“ನನ್ನ ಹಾಲು ಏನ್ ಮಾಡಿದಿ?”

“ಚೆಲ್ಲಿದೆ ಅಕ್ಕಾರ. ಬಾಟ್ಲಿ ಬಾಯಾಗ ಇಟ್ರ ಉಗುಳ್ತಿತ್ರಿ. ಇದು ಅಳೂದು ಕೇಳಿದ್ರ ನನ್ನ ಕುಬಸ ತಾನ ತೊಯ್ತಿತ್ತು.”

ವಾರಿಜಾ ಮಗುವನ್ನು ಕಿತ್ತುಕೊಂಡಳು. ಅದು ಚೀರುತ್ತ ಹುಲಿಗೆಮ್ಮನ ಕಡೆಗೇ ಹೊರಳಿತು.

“ಕೆಲಸಕ್ಕ ಸೇರುವಾಗ ಸಣ್ಣ ಮಕ್ಕಳಿಲ್ಲ ಅಂದಿದ್ದೆಲ್ಲ?”

“ಐತಿ ಅಂದಿದ್ರ ಕೆಲಸ ಕೊಡ್ತಿದ್ರೇನ್ರಿ?”

ವಾರಿಜಾಳ ದನಿ ಇಳಿಯಿತು. “ಈಗ ಎಲ್ಲೈತಿ ನಿನ್ನ ಕೂಸು?”

“ಊರಾಗ ಐತ್ರಿ. ಇದಕ್ಕಿಂತ ಹದಿನೈದು ದಿನ ಸಣ್ಣದು. ನಮ್ಮವ್ವ ಗಂಜಿತಿಳಿ ಕುಡಸ್ತಾಳ.”