ಎರಡೂ ಕಿವಿ ಕಾಣುವ ಫೋಟೋ

"ಇಲ್ಲೊಂದು ಸಹಿ ಮಾಡಿ, ಆ ಕಾಗದ ಇಲ್ಲಿಡಿ. ಮುಗೀತು" ಎಂದು ಗುಮಾಸ್ತ ಕೃಷ್ಣಾನಂದ ಪೆನ್ನು ಮುಂದೆ ಮಾಡಿದರು. ಕುಮಟೆಯ ಕಚೇರಿಯಲ್ಲಿ ಅವರೆದುರು ಕೂತಿದ್ದ ದಿಲ್‌ಮಾಯಾ ಪೆನ್ನು ಹಿಡಿದಳು. ಕಾಗದ ಮಾತ್ರ ಕೈಬಿಡಲಿಲ್ಲ. ತದಡಿಯ ಉಮೇಶನನ್ನು ಮದುವೆಯಾಗಿ ಅವಳಿಗೆ ಹನ್ನೊಂದು ವರ್ಷ. ಈ ಸಹಿ ಬಿದ್ದರೆ ಅವಳು ಭಾರತದವಳು. ಕೈಯಲ್ಲಿರುವ ನೇಪಾಳದ ಪೌರತ್ವದ ಪತ್ರ ಅಲ್ಲಿಗೆ ರದ್ದು.

ಅತ್ತೆ ಚೌಡಮ್ಮ ಪೇಟೆಯಲ್ಲಿ ಮೀನು ಮಾರಿ ನೇರ ಇಲ್ಲಿಗೇ ಬಂದಿದ್ದಳು. ಖಾಲಿ ಬುಟ್ಟಿಯನ್ನು ಕುರ್ಚಿಯಡಿ ತಳ್ಳಿ, ಸೊಸೆಯ ಕೈಯಲ್ಲಿದ್ದ ಪತ್ರವನ್ನು ಬಗ್ಗಿ ನೋಡಿದಳು.

"ಎಂತ ಹೆಣ್ಣೇ, ಫೋಟೋದಲ್ಲಿ ಬರೀ ಕಿವಿಯೇ ಕಾಣ್ತದಲ್ಲ?"

"ನಮ್ಮಲ್ಲಿ ಎರಡೂ ಕಿವಿ ಕಾಣಬೇಕು ಅತ್ತೇ. ಇಲ್ಲದಿದ್ರೆ ಫೋಟೋ ನಡೆಯೂದಿಲ್ಲ. ಅಮ್ಮ ಕೂದಲು ಎಳೆದು ಎಳೆದು ಹಿಂದೆ ಕಟ್ಟಿದ್ಲು, ಕಣ್ಣಲ್ಲಿ ನೀರು ಬರೂ ಹಾಂಗೆ." 'ನಮ್ಮಲ್ಲಿ' ಎಂದುಬಿಟ್ಟೆನಲ್ಲ ಎಂದು ದಿಲ್‌ಮಾಯಾ ಕೃಷ್ಣಾನಂದರ ಮುಖ ನೋಡಿದಳು. ಅವರು ಕಾಗದ ಮಗುಚುತ್ತಿದ್ದರು.

"ಮತ್ತೊಂದು ತಂಗೀ. ಇದರಲ್ಲಿ ದಿಲ್‌ಮಾಯಾ ಅಂತ ಉಂಟು, ರೇಶನ್ ಕಾರ್ಡಲ್ಲಿ ಪವಿತ್ರಾ. ಹೊಸದ್ರಲ್ಲಿ ಯಾವುದು ಬರೀಲಿ? ಒಂದೇ ಹೆಸರು."

ಪವಿತ್ರಾ ಎಂಬುದು ಮದುವೆಯ ದಿನ ಉಮೇಶ ಹರಿವಾಣದ ಅಕ್ಕಿಯಲ್ಲಿ ಉಂಗುರದಿಂದ ಬರೆದ ಹೆಸರು. ತದಡಿಗೆ ತದಡಿಯೇ ಅವಳನ್ನು ಹಾಗೆ ಕರೆಯುವುದು. ದಿಲ್‌ಮಾಯಾ ಎಂದು ಫೋನಿನಲ್ಲಿ ಕರೆಯುತ್ತಿದ್ದ ಅಮ್ಮ ತೀರಿಕೊಂಡು ಮೂರು ವರ್ಷ. ಇನ್ನು ಆ ಹೆಸರು ಯಾರಿಗಾಗಿ?

"ಪವಿತ್ರಾ ಅಂತಲೇ..." ಎನ್ನುವಷ್ಟರಲ್ಲಿ ಚೌಡಮ್ಮ ಮೇಜಿನ ಮೇಲೆ ಕೈ ಊರಿದಳು. "ಹಳೇದೇ ಬರೀರಿ ಒಡೆಯಾ. ದೇಶ ಬಿಡು ಅಂದ್ರೆ ಬಿಟ್ಲು. ಹೆಸರೂ ಎಂತಕ್ಕೆ ಬಿಡೂದು?"

"ಅತ್ತೇ, ಪವಿತ್ರಾ ಅಂತ ಹುಡುಕಿದ್ದೇ ನೀವು."

"ಹೌದು, ನಮಗೆ ಕರೀಲಿಕ್ಕೆ. ಸರಕಾರಕ್ಕೂ ಅದೇ ಯಾಕೆ?" ಚೌಡಮ್ಮ ಕೃಷ್ಣಾನಂದರತ್ತ ತಿರುಗಿದಳು. "ನಾನು ತೆಂಗಿನಗುಂಡಿಯವಳು. ಹೊನ್ನಿ ಅಂತ ಹೆಸರಿತ್ತು. ಇಲ್ಲಿ ಬಂದ್ರೆ ನಮ್ಮತ್ತೆಯೂ ಹೊನ್ನಿ. ಒಂದೇ ಮನೇಲಿ ಎರಡು ಹೊನ್ನಿ ಬ್ಯಾಡ ಅಂದ್ರು. ಮದುವೆ ಊಟಕ್ಕೆ ಎಲೆ ಹಾಕೂದ್ರೊಳಗೆ ಚೌಡಮ್ಮ ಆಗಿದ್ದೆ. ನನ್ನ ಹತ್ರ ಒಂದು ಸಹಿ ಕೂಡ ಕೇಳಲಿಲ್ಲ ನೋಡಿ."

ಕೃಷ್ಣಾನಂದ ನಗುತ್ತಲೇ 'ದಿಲ್‌ಮಾಯಾ' ಎಂದು ಬರೆದುಕೊಂಡರು. ದಿಲ್‌ಮಾಯಾ ಸಹಿ ಮಾಡಿದಳು. ಫೋಟೋದ ಮೇಲೊಮ್ಮೆ ಹೆಬ್ಬೆರಳು ಆಡಿಸಿ ಪತ್ರವನ್ನು ಮೇಜಿನ ಮೇಲಿಟ್ಟಳು. ಅವಳು ಕೇಳದೆಯೇ ಕೃಷ್ಣಾನಂದ ಅದರದೊಂದು ಝೆರಾಕ್ಸ್ ತೆಗೆದು ಅವಳ ಕೈಗೆ ಕೊಟ್ಟರು. "ನೆನಪಿಗೆ ಇರಲಿ. ಇದಕ್ಕೆ ಬೆಲೆಯಿಲ್ಲ ಮತ್ತೆ."

"ಆತು" ಎಂದು ಚೌಡಮ್ಮ ಬುಟ್ಟಿ ಎತ್ತಿಕೊಂಡಳು.

ಬಸ್ಸು ಹಿರೇಗುತ್ತಿ ದಾಟಿತು. ಚೌಡಮ್ಮ ಮುಂದಿನ ಸೀಟಿನಲ್ಲಿ, ಗಾಳಿ ಹೊಗದಂತೆ ಸೆರಗನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡು ತೂಕಡಿಸುತ್ತಿದ್ದಳು. ಹಿಂದೆ ಕೂತ ದಿಲ್‌ಮಾಯಾಳಿಗೆ ಏನನಿಸಿತೋ, ಯಾರಿಗೂ ಕೇಳದಷ್ಟು ಮೆಲ್ಲಗೆ "ಹೊನ್ನೀ" ಎಂದಳು.

ಚೌಡಮ್ಮ ಥಟ್ಟನೆ ತಿರುಗಿದಳು. ಸೆರಗು ಜಾರಿ ಎರಡೂ ಕಿವಿ ಕಾಣುತ್ತಿದ್ದವು.